ಕೊಯ್ಯುವ ಅಂಚು

ರಾಧಮ್ಮನ ಕಲ್ಲಿನ ಮೇಲೆ ಮೂರನೇ ಸಲ ತಕರಾರು ಬಂತು. ಅಂಚು ಕೊಯ್ಯುತ್ತದಂತೆ.

ಎರಡು ಸಲ ಆ ಕಲ್ಲು ಮೊಳಕಾಲ್ಮೂರಿನಿಂದ ಚಳ್ಳಕೆರೆಯ ಗ್ರಾನೈಟ್ ಅಂಗಡಿಗೆ ವಾಪಸ್ ಬಂದಿತ್ತು. ಎರಡು ಸಲವೂ ಅಲ್ಲಿನ ಕೆಲಸಗಾರ ಲೋಹಿತ ಗ್ರೈಂಡರ್ ಹಿಡಿದು ಅಂಚು ತೀಡಿದ್ದ. ಅಡುಗೆ ಕಟ್ಟೆಗೆ ಎಲ್ಲರೂ ಹಾಕಿಸುವ ಹಾಫ್ ರೌಂಡ್: ಮೇಲೆ ಉರುಟು, ಕೆಳಗೆ ಕತ್ತರಿಸಿದ ಹಾಗೆಯೇ. ತಾಲ್ಲೂಕಿನ ಅರ್ಧ ಅಡುಗೆಮನೆಗಳಿಗೆ ಅವನು ಮಾಡಿಕೊಟ್ಟಿದ್ದು ಅದನ್ನೇ. ಯಾರೂ ತುಟಿ ಬಿಚ್ಚಿರಲಿಲ್ಲ. ಈಕೆ ಮಾತ್ರ ಹೊಳಪೂ ಬೇಡ, ಜಾರುತ್ತದೆ ಎಂದು ಹೇಳಿ ಕಳಿಸಿದ್ದಳು. ಹೊಳಪು ಬೇಡದವರು ಗ್ರಾನೈಟ್ ಯಾಕೆ ಕೊಳ್ಳಬೇಕು?

ಅಂಗಡಿಯ ಯಜಮಾನ ನಾಗಭೂಷಣ ಈ ಸಲ ಬೈಯಲೂ ಇಲ್ಲ.

"ನೀನೇ ಹೋಗಿ ಮುಗಿಸ್ಕಂಡು ಬಾರಲೇ. ಇನ್ನೊಂದ್ ಫೋನ್ ಬಂತು ಅಂದ್ರೆ ಮಿಷನ್ ಬಾಲರಾಜು ಹಿಡೀತಾನೆ, ನೀನು ಕಲ್ಲು ಹೊರು."

ಐದು ವರ್ಷ ಕಲ್ಲು ಹೊತ್ತ ಮೇಲೆ ಕೈಗೆ ಸಿಕ್ಕ ಮಿಷನ್ ಅದು. ಗ್ರೈಂಡರನ್ನು ಬೈಕಿಗೆ ಕಟ್ಟಿಕೊಂಡ ಲೋಹಿತ ದಾರಿಯಲ್ಲಿನ ತಳಕು ಊರು ದಾಟುವವರೆಗೂ ಆಕೆಯನ್ನು ಬೈಯುತ್ತಲೇ ಹೋದ.

ರಾಧಮ್ಮ ಕುಂಟುತ್ತಾ ಬಂದು ಬಾಗಿಲು ತೆಗೆದಳು. ಚಪ್ಪಲಿ ಬಿಟ್ಟವನೇ ಅವನು ನೇರ ಅಡುಗೆಮನೆಗೆ ನುಗ್ಗಿದ.

ಅವನ ಕಲ್ಲು ಅಲ್ಲಿರಲಿಲ್ಲ. ಗ್ಯಾಸ್ ಒಲೆ ಕೂತಿದ್ದುದು ಹಳೆಯ ಕಡಪ ಕಲ್ಲಿನ ಮೇಲೆ. ಅದರ ಅಂಚಿಗೆ ಪಾಲಿಶ್ ಸೋಕಿಯೇ ಇರಲಿಲ್ಲ. ನನ್ನ ಕಲ್ಲನ್ನು ಯಾರಿಗೋ ಮಾರಿಕೊಂಡು ನಾಟಕ ಆಡುತ್ತಿದ್ದಾಳೆ ಎಂದುಕೊಂಡ. ಮೈ ಉರಿಯಿತು.

"ಈ ಒರಟು ಕಲ್ಲು ಕೊಯ್ಯಲ್ಲ, ನಂದು ಕೊಯ್ತೈತಾ ಅಮ್ಮ?"

"ಇದ್ಯಾಕೆ ಕೊಯ್ತೈತಪ್ಪ? ಇದರ ಮುಂದೆ ಇರೋದೇ ಒಂದು ಗಳಿಗೆ. ನಿನ್ ಕಲ್ಲಿನ ಜತೆ ಬೆಳಗಿಂದ ಬೈಗಿನ ತನಕ ಹೆಣಗ್ಬೇಕು."

"ಹಂಗಾರೆ ಅದು ಎಲ್ಲೈತೆ, ತೋರಿಸ್ರಿ."

ಇದೂ ಒಂದು ಪ್ರಶ್ನೆಯೇ ಎನ್ನುವಂತೆ ರಾಧಮ್ಮ ಅವನನ್ನು ನೋಡಿದಳು. ನಡುಮನೆಗೆ ಹೋದಳು. ಅಲ್ಲಿ ಅರ್ಧ ನೇಯ್ದ ರೇಷ್ಮೆ ಸೀರೆಯ ಮುಂದೆ, ಮಗ್ಗದ ಗುಂಡಿಯ ದಡಕ್ಕೆ ಹಾಸಿದ್ದ ಅವನದೇ ಕಪ್ಪು ಕಲ್ಲಿನ ಮೇಲೆ ಕೂತು, ಎರಡೂ ಕಾಲು ಒಳಕ್ಕೆ ಇಳಿಬಿಟ್ಟಳು.

ಗುಂಡಿಯೊಳಗಿನ ಹಲಗೆಯನ್ನು ತುಳಿದಾಗಲೆಲ್ಲ, ಬಟ್ಟೆ ಸುತ್ತಿದ್ದ ಆಕೆಯ ಮೀನಖಂಡ ಹಿಂದಕ್ಕೆ ಸರಿದು, ಲೋಹಿತ ಒಮ್ಮೆಯೂ ಮುಟ್ಟದ ಕೆಳಗಿನ ಅಂಚಿಗೆ ಉಜ್ಜುತ್ತಿತ್ತು.