ಹಾಲಿನವನ ಸಿನಿಮಾ

ಮಂಗಮ್ಮ ಎಸೆದ ಸಗಣಿಯುಂಡೆ ಪೋಸ್ಟರಿನ ಕೊಲೆಗಾರನ ಮೂಗಿಗೇ ಬಡಿಯಿತು. ಎರಡನೆಯದು ಅವನ ಕೈಯ ಮಚ್ಚಿಗೆ. ಮೂರನೆಯದಕ್ಕೆ ಬಗ್ಗುವಷ್ಟರಲ್ಲಿ ಟೆಂಟ್ ಸಿನಿಮಾದ ಗೇಟಿನವನು ಓಡಿಬಂದು ರಟ್ಟೆ ಹಿಡಿದ.

"ಏನಮ್ಮಾ, ತಲೆ ನೆಟ್ಟಗಿದೆಯಾ? ಈಗ ತಾನೇ ಅಂಟಿಸಿದ್ದು!"

"ಬಿಡೋ ಕೈನ! ಅವನು ನನ್ನ ಗಂಡ ಕಣೋ!"

ಗೇಟಿನವನು ಪೋಸ್ಟರನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಕೈಬಿಟ್ಟ. ಪೋಸ್ಟರಿನಲ್ಲಿ ದಪ್ಪಮೀಸೆಯ ನಟನೊಬ್ಬ ಒಂದು ಕೈಯಲ್ಲಿ ಮಚ್ಚು, ಇನ್ನೊಂದರಲ್ಲಿ ಹಾಲಿನ ಕ್ಯಾನು ಹಿಡಿದು ಹಲ್ಲು ಕಿರಿದಿದ್ದ. ಕೆಳಗೆ ಕೆಂಪಕ್ಷರದಲ್ಲಿ, 'ಜಯನಗರದ ಜೋಡಿ ಕೊಲೆ: ನಡೆದದ್ದು ನಡೆದಂತೆ.'

ಹಾಲು ಮಾರುತ್ತಿದ್ದ ಅವಳ ಗಂಡ ಬೋರಣ್ಣನಿಗೆ ಮೀಸೆಯೇ ಇರಲಿಲ್ಲ. ಹಬ್ಬಕ್ಕೆ ಕೋಳಿ ಕುಯ್ಯಬೇಕಾದರೂ ಪಕ್ಕದ ಮನೆಯವನನ್ನು ಕರೆದು, ತಾನು ಎಮ್ಮೆ ಕಟ್ಟುವ ನೆಪದಲ್ಲಿ ಜಾಗ ಖಾಲಿ ಮಾಡುತ್ತಿದ್ದ. ಅಂಥವನು ಐವತ್ತೆಂಟನೇ ಇಸವಿಯಿಂದ ಜೈಲಿನಲ್ಲಿದ್ದ. ನಡತೆ ಚೆನ್ನಾಗಿದೆ, ಈ ವರ್ಷ ಬಿಟ್ಟರೂ ಬಿಟ್ಟಾರು ಎಂದು ವಕೀಲರು ಹೇಳಿದ್ದರು. ಬಿಟ್ಟು ಏನು ಬಂತು? ಪೋಸ್ಟರು ಬಿದ್ದ ದಿನವೇ ಯಡಿಯೂರಿನಲ್ಲಿ ಎರಡು ಮನೆಯವರು ಮಂಗಮ್ಮನ ಹಾಲು ಬೇಡವೆಂದರು. ಅವನು ಯಾವ ಮುಖ ಹೊತ್ತು ಊರಿಗೆ ಬರಬೇಕು?

"ಯಾರದು ಗಲಾಟೆ?"

ಬಿಳಿ ಜುಬ್ಬದ ರಾಮಪ್ರಸಾದ ಗೇಟಿನಿಂದ ಹೊರಬಂದ. ಕೊಲೆಯಾದ ಸತ್ಯಭಾಮಮ್ಮ, ಸೀತಾಲಕ್ಷ್ಮಮ್ಮ ಎಂಬ ವಿಧವೆ ಅಕ್ಕತಂಗಿಯರ ತಮ್ಮನ ಮಗ. ಈಗ ಅವರ ಮನೆಯಲ್ಲಿ ಇರುವವನೂ ಅವನೇ, ಈ ಸಿನಿಮಾಕ್ಕೆ ಕಥೆ ಬರೆದವನೂ ಅವನೇ.

"ಮಂಗಮ್ಮನಾ? ಬಾ ಒಳಗೆ. ಟಿಕೀಟು ಬೇಡ. ನೋಡು, ಆಮೇಲೆ ಬೇಕಾದಷ್ಟು ಬೈ."

"ಸುಳ್ಳು ನೋಡಕ್ಕೆ ನಾನ್ಯಾಕೆ ಬರ್ಲಿ ಬುದ್ಧಿ?"

"ಒಂದು ಸೀನೂ ಸುಳ್ಳಿಲ್ಲ. ಅತ್ತೆಯರ ಆಣೆ."

ಒಳಗೆ ಮೊದಲಾಟಕ್ಕೆ ಪೂಜೆ ಮುಗಿದಿತ್ತು. ಪ್ರೊಜೆಕ್ಟರಿನ ಮುಂದಿಟ್ಟಿದ್ದ ದೀಪವನ್ನು ಆಪರೇಟರು ಊದಲು ಹೋದ. "ಏಯ್, ದೀಪಕ್ಕೆ ಎಂಜಲುಸಿರು ತಾಗಿಸ್ತೀಯೇನೋ, ಮುಠ್ಠಾಳ!" ಎಂದು ರಾಮಪ್ರಸಾದ ಗದರಿದ. ಆಪರೇಟರು ದೀಪವನ್ನು ಹಾಗೇ ಎತ್ತಿ ಮೂಲೆಗಿಟ್ಟ.

ಮುಂದಿನ ಕುರ್ಚಿಯಲ್ಲಿ ಜಯದೇವಪ್ಪ ಕುಳಿತಿದ್ದರು. ಬೋರಣ್ಣನಿಗೆ ಬೇಡಿ ಹಾಕಿದ ಇನ್ಸ್‌ಪೆಕ್ಟರು, ಈಗ ನಿವೃತ್ತರು. ಮಂಗಮ್ಮ ಅವರ ಕಾಲ ಬಳಿಯೇ, ಮರಳಿನಲ್ಲಿ, ಬೇಕೆಂದೇ ಕುಕ್ಕರಿಸಿದಳು. ಉಗಿಯುವುದಾದರೆ ಹತ್ತಿರವಿರಲಿ.

ಸಿನಿಮಾ ಶುರುವಾಯಿತು. ಮೀಸೆಯವನು ಹಿತ್ತಲಲ್ಲಿ ಕ್ಯಾನು ಇಳಿಸಿ, ತೆರೆದಿದ್ದ ಹಿಂಬಾಗಿಲಿನಿಂದ ನುಗ್ಗಿದ.

"ಥೂ! ದೀಪ ಹಚ್ಚೋ ಹೊತ್ನಲ್ಲಿ ಯಾವಳು ಹಿಂಬಾಗಿಲು ತೆಗೆದಿರ್ತಾಳೆ? ಲಕ್ಷ್ಮಿ ಹಿಂದಿಂದ ಎದ್ದು ಹೋಗಲ್ವಾ?"

ಮಂಗಮ್ಮನ ಕೂಗಿಗೆ ಜನ ನಕ್ಕರು. ಕೋರ್ಟಿನಲ್ಲೂ ಹೀಗೆಯೇ ನಕ್ಕಿದ್ದರು. ಹಿತ್ತಲಲ್ಲಿ ಬೋರಣ್ಣನ ಕ್ಯಾನು ಸಿಕ್ಕಿತ್ತು, ಸಾಕು. ಅಪರಾಧಿಯ ಹೆಂಡತಿಯನ್ನು ಆಮೇಲೆ ಯಾರೂ ಏನೂ ಕೇಳಲಿಲ್ಲ.

ಕೇಳಿದ್ದರೆ ಹೇಳುತ್ತಿದ್ದಳು. ಆ ಮುಸ್ಸಂಜೆ ಅಕ್ಕತಂಗಿಯರ ಮನೆಗೆ ಪಾತ್ರೆ ತೊಳೆಯಲು ಹೋದವಳು ಅವಳೇ. ಮುಂಬಾಗಿಲು ತೆರೆದಿತ್ತು, ನಡುಮನೆ ಕತ್ತಲು. ಆರಿದ ದೀಪ ಕಂಡರೆ ಅವಳ ಕೈ ನಿಲ್ಲದು. ಬತ್ತಿಯ ಮೇಲಿನ ಕರಕಲು ತೆಗೆದು, ದೇವರದ್ದೆಂದು ಸೆರಗಿಗೆ ಸಿಕ್ಕಿಸಿ, ಕಡ್ಡಿ ಗೀರಿ ದೀಪ ಹಚ್ಚಿ, ಕೈಮುಗಿದು ತಿರುಗಿದಾಗಲೇ ನೆಲದ ಮೇಲಿನ ಹೆಣಗಳು ಕಂಡದ್ದು. ಆಮೇಲೆ ಅವಳು ಕಿರುಚಿದ್ದು ಇಡೀ ಬೀದಿಗೆ ಕೇಳಿತು. ಮೈಸೂರಿನಲ್ಲಿದ್ದ ರಾಮಪ್ರಸಾದ ತಂತಿ ಸಿಕ್ಕಿ ಮಾರನೆಯ ದಿನ ಬಂದ. ಅವನು ಎದೆ ಬಡಿದುಕೊಂಡು ಅತ್ತದ್ದನ್ನು ಕಂಡು ಅವಳಿಗೇ ಅಳು ಬಂದಿತ್ತು.

ತೆರೆಯ ಮೇಲೆ ಮೀಸೆಯವನು ಮಚ್ಚು ಒರೆಸಿಕೊಂಡ. ಬೀದಿಯವರಿಗೆ ಹೆಣ ಕಾಣದಿರಲೆಂದು ದೀಪದತ್ತ ತಿರುಗಿದ. ದೇವರ ಪಟದಿಂದ ಒಂದು ಹೂ ಕಿತ್ತು, ಅದರಿಂದ ಬತ್ತಿಯನ್ನು ಒತ್ತಿದ. ತೆರೆ ಕಪ್ಪಾಯಿತು. ಟೆಂಟಿನಲ್ಲಿ ಶಿಳ್ಳೆ.

ಮಂಗಮ್ಮನ ಕೈ ತಾನಾಗಿ ಸೆರಗಿಗೆ ಹೋಯಿತು.

ರೀಲು ಬದಲಿಸಲು ಲೈಟು ಹಾಕಿದರು. ಜಯದೇವಪ್ಪ ನಶ್ಯದ ಡಬ್ಬಿ ತೆಗೆದು ನಕ್ಕರು.

"ಏನ್ರೀ ರಾಮಪ್ರಸಾದ್, ನಡೆದದ್ದು ನಡೆದಂತೆ ಅಂತೀರಿ. ನಾವು ಹೋದಾಗ ದೀಪ ಝಗಝಗ ಉರೀತಿತ್ತು. ಚೆನ್ನಾಗಿ ಕಟ್ಟಿದೀರಿ ಬಿಡಿ ಕಥೇನ."

ಅಕ್ಕಪಕ್ಕದವರು ನಕ್ಕರು. ರಾಮಪ್ರಸಾದನ ಮುಖ ಕೆಂಪಾಯಿತು.

"ಕಟ್ಟಿದ್ದಲ್ಲ ಸಾರ್. ನಿಮ್ಮವರು ಸರಿಯಾಗಿ ನೋಡಿಲ್ಲ, ಅಷ್ಟೇ. ಕೆಂಪು ಕಣಗಿಲೆ. ಬತ್ತಿಗೇ ಅಂಟಿಕೊಂಡಿತ್ತು."

ಕಪ್ಪು-ಬಿಳುಪು ತೆರೆಯಲ್ಲಿ ಆ ಹೂವಿಗೆ ಬಣ್ಣವಿರಲಿಲ್ಲ. ಮಂಗಮ್ಮ ಸೆರಗು ಕೊಡವಿ ಎದ್ದು ನಿಂತಳು. ಇಷ್ಟು ವರ್ಷಗಳಲ್ಲಿ ಅವಳ ದನಿ ಇಷ್ಟು ಮೆತ್ತಗಾದದ್ದು ಇದೇ ಮೊದಲು.

"ಆ ಸುಟ್ಟ ಕಣಗಿಲೆ ದೇವರ ಹೂವು ಅಂತ ಆವತ್ತು ಸಂಜೇನೇ ನನ್ನ ಸೆರಗಲ್ಲಿ ನನ್ನ ಮನೆಗೆ ಬಂತು, ಮೈಸೂರಲ್ಲಿದ್ದ ನಿಮ್ಮ ಕಣ್ಣಿಗೆ ಅದು ಯಾವಾಗ ಬಿತ್ತು ಬುದ್ಧಿ?"