ಹಿಂಗಾಲಿಲ್ಲದ ಕುರ್ಚಿ

ಕುರ್ಚಿಗೆ ಹೊದಿಸಿದ್ದ ಬಟ್ಟೆ ಎಳೆದ ನಕ್ಷೆಗಾರ್ತಿ ಅದರ ಕಾಲುಗಳನ್ನು ಎರಡು ಸಲ ಎಣಿಸಿದಳು. ಎರಡು ಸಲವೂ ನಾಲ್ಕೇ ಬಂದವು.

"ಮೇಸ್ತ್ರಿ, ಇದೇನು?"

"ನಕ್ಷೇಲಿ ಹಿಂಗಾಲು ಬರೆಯೋದು ಮರೆತಿದ್ರಿ ಮೇಡಂ," ಪೈಪ್ ಬಗ್ಗಿಸುವ ಮೇಸ್ತ್ರಿ ದನಿ ತಗ್ಗಿಸಿದ. "ನಾನೇ ಹಾಕ್ಬಿಟ್ಟೆ. ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ."

ಇಪ್ಪತ್ತು ವರ್ಷ ಸೈಕಲ್ ಹ್ಯಾಂಡಲ್ ಬಗ್ಗಿಸಿದ ಕೈ ಅದು. ನಕ್ಷೆಯಲ್ಲಿ ಇದ್ದದ್ದು ಒಂದೇ ಉಕ್ಕಿನ ಕೊಳವೆ: ನೆಲದ ಮೇಲೆ ಮಲಗಿ, ಮುಂದೆ ಎರಡು ಕಾಲಾಗಿ ಎದ್ದು, ಮೊಣಕಾಲೆತ್ತರದಲ್ಲಿ ಹಿಂದಕ್ಕೆ ಬಾಗಿ ಆಸನವಾಗಿ, ಕೊನೆಗೆ ಬೆನ್ನಿಗೆ ಒರಗಾಗಿ ನಿಲ್ಲುವಂಥದು. ಆಸನದ ಹಿಂಬದಿಗೆ ಆಧಾರ ಗಾಳಿಯೊಂದೇ. ಆ ಗಾಳಿಗಾಗಿ ಅವಳು ಒಂದು ವರ್ಷ ಲೆಕ್ಕ ಹಾಕಿದ್ದಳು. ಮೇಸ್ತ್ರಿ ಒಂದೇ ಸಂಜೆಯಲ್ಲಿ ಅಲ್ಲಿಗೆ ಎರಡು ತುಂಡು ಪೈಪು ಬೆಸೆದು ಅವಳ ಮಾನ ಕಾಪಾಡಿದ್ದ.

ಹನ್ನೊಂದಕ್ಕೆ ಮಾಲೀಕರು ನೋಡಲು ಬರುವವರಿದ್ದರು. ಮನೆಗಳೆಲ್ಲ ಗಾಜು, ಕಾಂಕ್ರೀಟಿಗೆ ತಿರುಗಿರುವಾಗ ಒಳಗಿನ ಕುರ್ಚಿ ಮಾತ್ರ ಮುತ್ತಾತನ ಕಾಲದ್ದು ಯಾಕೆ ಎಂದು ವಾದಿಸಿ ಅವಳು ಈ ಸೈಕಲ್ ಕಾರ್ಖಾನೆಯಲ್ಲಿ ಕುರ್ಚಿ ವಿಭಾಗ ತೆರೆಸಿದ್ದಳು. ಮೊದಲೆರಡು ಮಾದರಿಗಳನ್ನು ಮಾಲೀಕರು 'ಇಂಥವು ಊರೆಲ್ಲ ಬಿದ್ದಿವೆ' ಎಂದು ತಳ್ಳಿಹಾಕಿದ್ದರು. ಇದೂ ಹಾಗಾದರೆ ವಿಭಾಗಕ್ಕೆ ಬೀಗ. ಅವಳು ಮನೆಗೆ, ಮೇಸ್ತ್ರಿ ಮತ್ತೆ ಹ್ಯಾಂಡಲ್‌ಗೆ.

"ಕತ್ತರಿಸಿ," ಎಂದಳು.

"ನಾಯಿಗೂ ನಾಲ್ಕು ಕಾಲಿವೆ ಮೇಡಂ. ಕುರ್ಚಿ ಏನು ಪಾಪ ಮಾಡಿತ್ತು?"

"ಕೋಳಿಗೆ ಎರಡೇ."

"ಕೋಳಿ ಮೇಲೆ ಯಾರೂ ಕೂರಲ್ಲ."

ಆದರೂ ಗರಗಸ ತಂದ. ಸ್ವಂತ ಮಗಳ ಜಡೆ ಕತ್ತರಿಸುವವನಂತೆ ಮುಖ ಮಾಡಿಕೊಂಡು ಎರಡೂ ಕಾಲು ಕೊಯ್ದ, ಅರದಿಂದ ಗುರುತು ಉಜ್ಜಿದ. ಕೂತು ಪರೀಕ್ಷಿಸಲು ಹೊತ್ತು ಸಿಗಲಿಲ್ಲ. ಮಾಲೀಕರು ಹತ್ತು ನಿಮಿಷ ಮೊದಲೇ ಬಂದರು, ಸಾಲದ್ದಕ್ಕೆ ತಾಯಿಯನ್ನೂ ಕರೆತಂದರು.

ತಾಯಿ ಭಾರೀ ಆಳು. ಬಂದವರೇ ಕುರ್ಚಿಗೆ ಒಂದು ಸುತ್ತು ಹಾಕಿದರು. "ಅರ್ಧ ಮಾಡಿ ಊಟಕ್ಕೆ ಹೋಗಿದ್ದಾರೇನೋ?"

"ತಡಿಯಮ್ಮ, ಮೊದಲು ನಾನು ಕೂತು..."

"ನೀನು ಸೊಂಟ ಮುರ್ಕೊಂಡ್ರೆ ಕಾರ್ಖಾನೆ ನೋಡೋರು ಯಾರು? ಸರಿ ಆ ಕಡೆ." ಎಂದವರು ಕೂತೇಬಿಟ್ಟರು.

ಆಸನ ಇಳಿಯಿತು. ಇನ್ನೂ ಇಳಿಯಿತು. ಲೆಕ್ಕದ ಪ್ರಕಾರ ನಿಲ್ಲಬೇಕಾದ ಜಾಗ ಬಂತು. ಆ ಗಳಿಗೆಯಲ್ಲಿ ನಕ್ಷೆಗಾರ್ತಿಗೆ ತನ್ನ ಲೆಕ್ಕದ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಆಸನ ನಿಂತಿತು. ಆಮೇಲೆ ಮೆಲ್ಲಗೆ ಮೇಲೆದ್ದಿತು.

ತಾಯಿ ಕಣ್ಣರಳಿಸಿದರು. ಬೇಕೆಂದೇ ಇನ್ನೊಮ್ಮೆ ಒರಗಿದರು.

"ಅಯ್ಯೋ, ಇದು ಉಸಿರಾಡುತ್ತೆ ಕಣೋ!"

"ಏಳಮ್ಮ, ನಾನೂ ನೋಡ್ತೀನಿ."

"ನಿನಗೆ ಬೇರೆ ಮಾಡಿಸ್ಕೋ, ಹೋಗು."

ಮಾಲೀಕರು ಒಂದು ಕ್ಷಣ ತಾಯಿಯನ್ನೂ ಕುರ್ಚಿಯನ್ನೂ ನೋಡಿ, ನಕ್ಷೆಗಾರ್ತಿಯತ್ತ ತಿರುಗಿದರು. "ಇಂಥದು ನಾನು ಎಲ್ಲೂ ನೋಡಿಲ್ಲ. ನೂರು ಮಾಡಿ. ನನ್ನದು ಬಿಟ್ಟು."

ಸಂತೋಷ ಹಂಚಿಕೊಳ್ಳಲು ಅವಳು ಮೇಸ್ತ್ರಿಯನ್ನು ಹುಡುಕಿದಳು. ಅವನು ಕುರ್ಚಿಯ ಹಿಂದೆ ಮೊಣಕಾಲೂರಿ ಕೂತಿದ್ದ. ಕೊಯ್ದ ಕಾಲುಗಳಿದ್ದ ಜಾಗಕ್ಕೆ ಎರಡೂ ಅಂಗೈ ಒಡ್ಡಿದ್ದ. ಆಸನ ಪ್ರತಿ ಸಲವೂ ಅಂಗೈಗೆ ಎರಡು ಬೆರಳು ದೂರದವರೆಗೆ ಇಳಿದು, ತಾಕದೆ ಮೇಲೇರುತ್ತಿತ್ತು.

"ಒಪ್ಪಿದ್ರು ಮೇಸ್ತ್ರಿ, ಕೈ ತೆಗೀರಿ," ಅವಳು ಬಗ್ಗಿ ಪಿಸುಗುಟ್ಟಿದಳು.

"ಒಪ್ಪಿದ್ದು ಕೇಳಿಸ್ತು ಮೇಡಂ," ಎಂದ ಮೇಸ್ತ್ರಿ, ಅಲುಗಾಡದೆ. "ಅಮ್ಮಾವ್ರು ಇನ್ನೂ ಎದ್ದಿಲ್ಲ."