ಅತ್ತೆಯ ಕಲ್ಲು

ಮೂರು ವಾರಗಳಿಂದ ಅಂಗಡಿಯ ಆಲೂಗಡ್ಡೆ ನಿಂಬೆಹಣ್ಣಿನ ಗಾತ್ರಕ್ಕೆ ಇಳಿದಿತ್ತು. ಸರ್ವಮಂಗಳಮ್ಮನವರಿಗೆ ಅದು ಸಹಜವೆಂದು ಅನ್ನಿಸಲಿಲ್ಲ.

“ದಪ್ಪನೆಯವನ್ನ ಯಾರಿಗೆ ಎತ್ತಿಟ್ಟಿದ್ದೀರಿ ಶೆಟ್ರೇ?”

“ಮಾರ್ಕೆಟ್ಟಿಗೇ ಬರ್ತಿಲ್ಲಮ್ಮ. ಲೋಡು ಅರ್ಧಕ್ಕರ್ಧ ಕಮ್ಮಿ. ಬಂದಿದ್ದೆಲ್ಲ ಹೀಗೇ, ಗೋಲಿ.”

“ಗಾತ್ರ ದೇವರದ್ದು ಅನ್ನಿ. ತೂಕ ನಿಮ್ಮದಲ್ವಾ? ಮನೇಲಿ ತೂಗಿ ನೋಡಿದೆ. ಕೆಜಿಗೆ ಎರಡು ಗಡ್ಡೆ ಕಮ್ಮಿ.”

ಸಾಮಾನಿಗೆ ನಿಂತಿದ್ದವರೆಲ್ಲ ಶೆಟ್ಟರತ್ತ ತಿರುಗಿದರು. ಸರ್ವಮಂಗಳಮ್ಮನವರ ಮನೆಗೆ ಪ್ರತಿ ವಾರವೂ ಹುರುಳಿಕಾಳು ತಂದು ಮಾರುವ ಕೆಂಚಮ್ಮನೂ ಅವರ ನಡುವೆ ಇದ್ದಳು. ಮೂವತ್ತು ವರ್ಷಗಳಿಂದ ಅದೇ ಬೀದಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಶೆಟ್ಟರ ಮುಖ ಕಪ್ಪಿಟ್ಟಿತು.

“ನಿಮ್ಮ ಕಲ್ಲೇ ತನ್ನಿ. ಎಲ್ಲರ ಮುಂದೆ ಇತ್ಯರ್ಥ ಆಗಿಬಿಡ್ಲಿ.”

ಸರ್ವಮಂಗಳಮ್ಮನವರು ಮನೆಗೆ ಹೋಗಿ, ಒಂದು ಕೆಜಿಯ ಕಬ್ಬಿಣದ ತೂಕದ ಕಲ್ಲನ್ನು ದೇವರ ವಿಗ್ರಹದಂತೆ ಎರಡೂ ಕೈಯಲ್ಲಿ ಹಿಡಿದು ತಂದರು.

“ನಮ್ಮತ್ತೆ ಕಾಲದ್ದು. ಮನೆ ಬಾಗಿಲಿಗೆ ಬರೋದನ್ನೆಲ್ಲ ಇದರಲ್ಲೇ ತೂಗೋದು. ಇದು ಸುಳ್ಳು ಹೇಳಲ್ಲ.”

ಶೆಟ್ಟರು ಮೊದಲು ಸರ್ಕಾರಿ ಮುದ್ರೆಯಿದ್ದ ತಮ್ಮ ಕಲ್ಲನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟರು. ಸರಿಯಾಗಿ ಒಂದು ಕೆಜಿ. ಅದನ್ನು ತೆಗೆದು ಸರ್ವಮಂಗಳಮ್ಮನವರ ಕಲ್ಲನ್ನಿಟ್ಟರು. ಒಂದು ಕೆಜಿ ನೂರಿಪ್ಪತ್ತು ಗ್ರಾಂ.

ಶೆಟ್ಟರು ನಕ್ಕು, “ನಿಮ್ಮ ಕಲ್ಲೇ ಭಾರ ಕಣಮ್ಮ. ನನ್ನ ಗಡ್ಡೆ ಸರಿಯಾಗೇ ಇದೆ,” ಎಂದರು.

ಕೆಂಚಮ್ಮ ಮುಂದೆ ಬಂದು, ಕಲ್ಲನ್ನು ಕೈಗೆತ್ತಿಕೊಂಡು ಹಿಂದುಮುಂದು ತಿರುಗಿಸಿ ನೋಡಿದಳು.

“ಹನ್ನೊಂದು ವರ್ಷದಿಂದ ನನ್ನ ಹುರುಳಿ ತೂಗ್ತಿರೋದೂ ಇದೇ ಕಲ್ಲಲ್ವಾ, ಅಮ್ಮಾವ್ರೇ?”